ಲಿಯೊನಾರ್ಡೊನ ರೇಖನಶಿಕ್ಷಣ: ಕಿರುಪುಸ್ತಕವೂ ಸಹಪಾಠಿಯೂ

ಲಿಯೊನಾರ್ಡೊ ಡ ವಿಂಚಿಯ (1452–1519) ಹೆಸರಿನಲ್ಲಿ ಪ್ರಸಿದ್ಧವಾಗಿರುವ ಚಿತ್ರಕಲಾ ಗ್ರಂಥದಲ್ಲಿ ಬೆಳಕು, ನೆರಳು, ಅಂಗಪ್ರಮಾಣ ಮುಂತಾದ ಶಾಸ್ತ್ರವಿಚಾರಗಳೊಡನೆ, ರೇಖನವನ್ನು ಕಲಿಯುವ ತರುಣನು ದಿನದಿನವೂ ಏನು ಮಾಡಬೇಕೆಂಬ ಸೂಚನೆಗಳೂ ಇವೆ. ಸದಾ ಜೊತೆಯಲ್ಲಿ ಒಂದು ಕಿರುಪುಸ್ತಕವಿರಲಿ ಎಂಬುದು ಅವುಗಳಲ್ಲೊಂದು. ಒಬ್ಬನೇ ಕುಳಿತು ಬರೆಯುವುದಕ್ಕಿಂತ ಹಲವರೊಡನೆ ಬರೆಯುವುದು ಮೇಲು ಎಂಬುದು ಇನ್ನೊಂದು. ಇವು ಬಿಡಿಬಿಡಿಯಾದ ಹಿತವಚನಗಳಲ್ಲವೆಂದೂ ಒಂದೇ ಶಿಕ್ಷಣ ವಿಧಾನದ ಎರಡು ಅಂಗಗಳೆಂದೂ ನಾವು ಇಲ್ಲಿ ಪ್ರತಿಪಾದಿಸುತ್ತೇವೆ.

ಮೊದಲು ಆಕರದ ವಿಚಾರ. ಈ ಗ್ರಂಥವನ್ನು ಲಿಯೊನಾರ್ಡೊ ತಾನೇ ಪೂರ್ಣಗೊಳಿಸಲಿಲ್ಲ. ಅವನು ಬಿಟ್ಟುಹೋದ ಟಿಪ್ಪಣಿಗಳಿಂದ ಶಿಷ್ಯನಾದ ಫ್ರಾಂಚೆಸ್ಕೊ ಮೆಲ್ಜಿ ಆಯ್ದು ಜೋಡಿಸಿದ ಸಂಕಲನವು ವ್ಯಾಟಿಕನ್ ಗ್ರಂಥಾಲಯದಲ್ಲಿದೆ. 1651ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾದುದು ಅದರ ಸಂಕ್ಷಿಪ್ತ ಪಾಠ; ಮೆಲ್ಜಿಯ ಸಂಕಲನವು ಬೆಳಕಿಗೆ ಬಂದುದು 1817ರಲ್ಲಿ. ಹೀಗಿರುವಾಗ ಬೇರೆ ಬೇರೆ ಕಾಲದ ಮಾತುಗಳು ಪಕ್ಕಪಕ್ಕದಲ್ಲಿ ನಿಂತಿರಬಹುದೆಂಬ ಶಂಕೆ ಸಹಜ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ ಮುಖ್ಯ ಸೂಚನೆಗಳು 1492ರ ಸುಮಾರಿಗೆ ಸೇರಿದ ಹಾಳೆಗಳಲ್ಲಿ ಲಿಯೊನಾರ್ಡೊನ ಕೈಬರಹದಲ್ಲಿಯೇ ಉಳಿದಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸಿನಿಂದ ಕಳವಾಗಿ, ಇಂಗ್ಲೆಂಡಿಗೆ ಹೋಗಿ, ಮರಳಿ ಪ್ಯಾರಿಸನ್ನು ಸೇರಿದ ಹಾಳೆಗಳವು. ಆದುದರಿಂದ ಅವನ್ನು ಒಟ್ಟಾಗಿ ಓದುವುದಕ್ಕೆ ಆಧಾರವಿದೆ.

ಕಿರುಪುಸ್ತಕವನ್ನು ಕುರಿತ ಸೂಚನೆಯ ಸಾರ ಇಷ್ಟು: ಬೀದಿಯಲ್ಲಿ ಜನರು ಮಾತನಾಡುವುದನ್ನೂ ನಗುವುದನ್ನೂ ಜಗಳವಾಡುವುದನ್ನೂ ಗಮನಿಸಬೇಕು, ಕೆಲವೇ ಗೆರೆಗಳಲ್ಲಿ ಅವರ ನಿಲುವನ್ನು ಗುರುತುಹಾಕಿಕೊಳ್ಳಬೇಕು, ಪುಸ್ತಕ ತುಂಬಿದ ಮೇಲೆ ಹೊಸದನ್ನು ಹಿಡಿದು ಹಳೆಯದನ್ನು ಜೋಪಾನವಾಗಿಡಬೇಕು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಅವನ ಟಿಪ್ಪಣಿ ಪುಸ್ತಕಗಳಲ್ಲಿ ಕೆಲವು ಅಂಗೈಯಷ್ಟೇ ಅಗಲವಾಗಿರುವುದನ್ನು ನೋಡಿದರೆ, ಇದು ಬರಿಯ ಉಪದೇಶವಾಗಿರಲಿಲ್ಲವೆಂದು ತಿಳಿಯುತ್ತದೆ. ಇಲ್ಲಿ ಗಮನಿಸತಕ್ಕ ಅಂಶ ಇನ್ನೊಂದಿದೆ. ಕಾಗದವು ಬಣ್ಣದ ಲೇಪವುಳ್ಳದ್ದಾಗಿರಬೇಕು, ಗೆರೆಯನ್ನು ಅಳಿಸಬಾರದು ಎಂದು ಅವನು ವಿಧಿಸುತ್ತಾನೆ. ಲೇಪವುಳ್ಳ ಕಾಗದದ ಮೇಲೆ ಬೆಳ್ಳಿಯ ಮೊನೆಯಿಂದ ಎಳೆದ ಗೆರೆ ಸುಲಭವಾಗಿ ಅಳಿಯದು. ರೂಪಗಳು ಅನಂತ, ನೆನಪಿನಲ್ಲಿ ನಿಲ್ಲುವಂಥವಲ್ಲ ಎಂಬುದು ಅವನು ಕೊಡುವ ಕಾರಣ. ನಾವು ಇದಕ್ಕೆ ಮತ್ತೊಂದು ಫಲವನ್ನು ಸೇರಿಸಬಹುದು: ಅಳಿಸದ ಪುಸ್ತಕದಲ್ಲಿ ತಪ್ಪೂ ಉಳಿಯುತ್ತದೆ, ಉಳಿದುದರಿಂದಲೇ ಅದು ಪರೀಕ್ಷೆಗೆ ಸಿಗುತ್ತದೆ.

ಆದರೆ ಪರೀಕ್ಷಿಸುವವರು ಯಾರು? ಚಿತ್ರಕಾರನು ತನಗರಿಯದೆಯೇ ತನ್ನ ದೇಹದ ಲಕ್ಷಣಗಳನ್ನು ತಾನು ಬರೆಯುವ ಆಕೃತಿಗಳಿಗೆ ಹಂಚುತ್ತಾನೆಂಬುದು ಲಿಯೊನಾರ್ಡೊ ಮತ್ತೆ ಮತ್ತೆ ಎಚ್ಚರಿಸುವ ದೋಷ. ಯಾವ ಕಣ್ಣು ತಪ್ಪನ್ನು ಮಾಡಿತೋ ಅದೇ ಕಣ್ಣು ಅದನ್ನು ಮೆಚ್ಚುತ್ತದೆ. ಇದಕ್ಕೆ ಅವನು ಹೇಳುವ ಪರಿಹಾರಗಳಲ್ಲಿ ಒಂದು, ಚಿತ್ರವನ್ನು ಕನ್ನಡಿಯಲ್ಲಿ ತಿರುಗುಮುರುಗಾಗಿ ಕಂಡು, ಬೇರೊಬ್ಬನ ಕೆಲಸವೋ ಎಂಬಂತೆ ತೂಗುವುದು. ಮತ್ತೊಂದು, ನಿಜವಾಗಿಯೇ ಬೇರೊಬ್ಬನ ಮಾತನ್ನು ಕೇಳುವುದು. ಹೇಳುವವನು ಚಿತ್ರಕಾರನಾಗಿರಬೇಕೆಂದಿಲ್ಲ, ಭುಜ ಏರಿದೆಯೇ, ಬೆನ್ನು ಗೂನಾಗಿದೆಯೇ ಎಂದು ಯಾರಾದರೂ ಬಲ್ಲರು. ಆಕ್ಷೇಪಣೆಯನ್ನು ತಾಳ್ಮೆಯಿಂದ ಕೇಳಿ, ಕಾರಣವಿದ್ದರೆ ತಿದ್ದಬೇಕು, ಇಲ್ಲದಿದ್ದರೆ ಕೇಳಿಸದವನಂತಿರಬೇಕು, ಹೇಳಿದವನು ಗೌರವಾರ್ಹನಾದರೆ ಅವನಿಗೆ ಕಾರಣಕೊಟ್ಟು ತಿಳಿಸಬೇಕು. ತೀರ್ಪಿಗಲ್ಲ, ಕಾರಣಕ್ಕೆ ಇಲ್ಲಿ ಬೆಲೆ.

ಈ ತತ್ತ್ವವು ಅತ್ಯಂತ ಸ್ಪಷ್ಟವಾಗಿ ಕಾಣುವುದು ಒಂದು ಆಟದಲ್ಲಿ. ಬಿಡುವಿನಲ್ಲಿ ಆಡಲೆಂದು ರೇಖನಕಾರರಿಗೆ ಅವನು ಅದನ್ನು ಸೂಚಿಸಿದ್ದಾನೆ. ಒಬ್ಬನು ಗೋಡೆಯ ಮೇಲೆ ನೇರವಾದ ಗೆರೆಯೊಂದನ್ನು ಎಳೆಯುತ್ತಾನೆ. ಉಳಿದವರು ಹತ್ತು ಬ್ರಾಚ್ಚೊ, ಎಂದರೆ ಸುಮಾರು 20 ಅಡಿ ದೂರದಲ್ಲಿ ನಿಂತು, ಕಣ್ಣಂದಾಜಿನಲ್ಲಿ ಅಷ್ಟೇ ಉದ್ದದ ಹುಲ್ಲುಕಡ್ಡಿಯನ್ನು ಕತ್ತರಿಸುತ್ತಾರೆ. ಬಳಿಕ ಎಲ್ಲರೂ ಹತ್ತಿರ ಹೋಗಿ ತಮ್ಮ ಕಡ್ಡಿಯನ್ನು ಗೆರೆಗೆ ಹಿಡಿದು ನೋಡುತ್ತಾರೆ. ಹೆಚ್ಚು ಸಮೀಪಿಸಿದವನಿಗೆ ಮೊದಲೇ ಗೊತ್ತುಮಾಡಿದ ಬಹುಮಾನ. ಇಲ್ಲಿ ಮೆಚ್ಚಿಗೆಗೂ ನಿಂದೆಗೂ ಎಡೆಯಿಲ್ಲ. ಗೆರೆ ಎಲ್ಲರ ಮುಂದಿದೆ, ಅಳತೆ ಎಲ್ಲರ ಕೈಯಲ್ಲಿದೆ. ಸಹಪಾಠಿಗಳ ವಿಮರ್ಶೆ ಸಾರ್ಥಕವಾಗಬೇಕಾದರೆ ಇಬ್ಬರೂ ಒಂದೇ ವಸ್ತುವನ್ನು ನೋಡುತ್ತಿರಬೇಕು, ಮಾತು ಆ ವಸ್ತುವಿಗೆ ಮರಳಬೇಕು ಎಂಬ ನಿಯಮವನ್ನು ಈ ಆಟದಿಂದಲೇ ತೆಗೆಯಬಹುದು.

ಇದಕ್ಕೆ ವಿರುದ್ಧವಾದ ಮಾತೊಂದು ಅದೇ ಹಸ್ತಪ್ರತಿಯಲ್ಲಿದೆಯೆಂದು ಆಕ್ಷೇಪಿಸಬಹುದು. ಚಿತ್ರಕಾರನು ಏಕಾಂತದಲ್ಲಿರಬೇಕು, ಒಬ್ಬನೇ ಇದ್ದರೆ ಪೂರ್ತಿಯಾಗಿ ತನ್ನವನು, ಒಬ್ಬ ಜೊತೆಗಾರ ಬಂದರೆ ಅರ್ಧ ಮಾತ್ರ ಎಂಬರ್ಥದ ಸೂಚನೆಯದು. ಎರಡೂ ಒಂದೇ ಕಾಲದವಾದುದರಿಂದ ಲೇಖಕನ ಮನಸ್ಸು ಬದಲಾಯಿತೆಂದು ಹೇಳಿ ಜಾರಿಕೊಳ್ಳುವಂತಿಲ್ಲ. ನಮ್ಮ ಅಭಿಪ್ರಾಯದಲ್ಲಿ ಇಲ್ಲಿರುವುದು ಕೆಲಸದ ವಿಂಗಡಣೆ. ಕಂಡುದನ್ನು ಕೂಡಿಟ್ಟು ಮನನಮಾಡುವುದು ಏಕಾಂತದ ಕೆಲಸ. ಕಿರುಪುಸ್ತಕ ಅದಕ್ಕೆ ಸಲ್ಲುತ್ತದೆ. ಕಣ್ಣಿನ ಅಂದಾಜನ್ನು ತಿದ್ದಿಕೊಳ್ಳುವುದು ಗೋಷ್ಠಿಯ ಕೆಲಸ.

ಲಿಯೊನಾರ್ಡೊನೊಡನೆ ನಾವು ಒಪ್ಪಲಾರದ ಸ್ಥಳವೂ ಉಂಟು. ಗುಂಪಿನಲ್ಲಿ ಬರೆಯುವುದರ ಲಾಭಗಳಲ್ಲಿ ಅವನು ಮುಂದಿಡುವುದು ಹಿಂದುಳಿದವನ ನಾಚಿಕೆಯನ್ನೂ ಹೊಗಳಿಸಿಕೊಂಡವನ ಮೇಲಿನ ಮತ್ಸರವನ್ನೂ. ಪೈಪೋಟಿಯಲ್ಲಿಯೇ ಬೆಳೆದ ಫ್ಲಾರೆನ್ಸಿನ ಕರ್ಮಶಾಲೆಗಳಿಗೆ ಇದು ಒಪ್ಪಿರಬಹುದು. ಆದರೆ ನಾಚಿದವನು ಮೊದಲು ಮಾಡುವ ಕೆಲಸ ಪುಸ್ತಕವನ್ನು ಮುಚ್ಚಿಡುವುದು. ತಪ್ಪನ್ನು ಅಳಿಸಬೇಡವೆಂದ ಗುರುವೇ ಅದನ್ನು ಅಡಗಿಸುವ ಪ್ರವೃತ್ತಿಯನ್ನು ಪೋಷಿಸಿದಂತಾಗುತ್ತದೆ. ತನಗಿಂತ ಮೇಲಾದವರ ಕೈಯಿಂದ ಕಲಿಯಬಹುದೆಂದು ಅವನೇ ಕೊಡುವ ಇನ್ನೊಂದು ಕಾರಣವು ಇದಕ್ಕಿಂತ ಗಟ್ಟಿಯಾದುದು.

1651ರ ಮುದ್ರಣದ ಚಿತ್ರಗಳಿಗೆ ಮೂಲ ರಚಿಸಿದ್ದ ನಿಕೊಲಾ ಪೂಸ್ಸೆಂ, ಈ ಗ್ರಂಥದ ಒಳ್ಳೆಯ ಅಂಶಗಳೆಲ್ಲ ದಪ್ಪಕ್ಷರದಲ್ಲಿ ಬರೆದರೂ ಒಂದೇ ಹಾಳೆಯಲ್ಲಿ ಅಡಗುತ್ತವೆಂದು ಅಭಿಪ್ರಾಯಪಟ್ಟನೆಂದು ಅಬ್ರಹಾಂ ಬಾಸ್ ಪ್ರಕಟಿಸಿದನು. ಬಾಸ್ ಸ್ವತಃ ಈ ಗ್ರಂಥದ ವಿರೋಧಿಯಾಗಿದ್ದನೆಂಬುದನ್ನು ಮರೆಯಬಾರದು. ಮಾತನ್ನು ಒಪ್ಪಿಕೊಂಡರೂ ಆ ಒಂದು ಹಾಳೆಯಲ್ಲಿ ಅಳಿಸದ ಪುಸ್ತಕಕ್ಕೂ ಹುಲ್ಲುಕಡ್ಡಿಗೂ ಸ್ಥಳವಿರಬೇಕೆಂದು ನಾವು ವಾದಿಸುತ್ತೇವೆ.

ಈ ವಿಚಾರವು ಚಿತ್ರಕಾರರಿಗಷ್ಟೇ ಸಂಬಂಧಿಸಿದುದಲ್ಲ. ಸ್ಮಾರಕಗಳನ್ನು ಅಭ್ಯಸಿಸುವ ಇತಿಹಾಸದ ವಿದ್ಯಾರ್ಥಿಗೂ ರೇಖನ ಬೇಕು. ಛಾಯಾಚಿತ್ರವು ಎಲ್ಲವನ್ನೂ ಒಮ್ಮೆಗೇ ಹಿಡಿದುಕೊಡುತ್ತದೆ. ಯಾವುದರ ಮೇಲೆ ಯಾವುದು ನಿಂತಿದೆಯೆಂದು ಒಂದೊಂದಾಗಿ ನಿರ್ಣಯಿಸುವಂತೆ ಒತ್ತಾಯಿಸುವುದು ಪೆನ್ಸಿಲು. ಹೊಯ್ಸಳ ದೇವಾಲಯವೊಂದರ ಅಧಿಷ್ಠಾನದಲ್ಲಿ ಆನೆ, ಕುದುರೆ, ಬಳ್ಳಿಗಳ ಪಟ್ಟಿಕೆಗಳಿರುವ ಒಂದೇ ಭಾಗವನ್ನು ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ, ಅಳಿಸದೆ ಬರೆಯಲಿ. ಬಳಿಕ ಪುಸ್ತಕಗಳನ್ನು ಅದಲುಬದಲು ಮಾಡಿಕೊಳ್ಳಲಿ. ಎರಡು ಚಿತ್ರಗಳೂ ಒಪ್ಪದೆಡೆಯಲ್ಲಿ ಯಾರ ಕೈ ಮೇಲೆಂಬ ಚರ್ಚೆ ಬೇಡ. ಇಬ್ಬರೂ ಮತ್ತೆ ಆ ಕಲ್ಲಿನ ಮುಂದೆ ಹೋಗಿ ನಿಲ್ಲಲಿ.