ಗಿಟಾರಿಗೂ ಸುಳಿ ನೋಡುವವರು

ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳೋದನ್ನ ಯಾವತ್ತಾದರೂ ನೋಡಿದ್ದೀರಾ? ನಮ್ಮ ಹರಿಯಬ್ಬೆ, ಧರ್ಮಪುರದ ಕಡೆಯ ಹಳೇ ರೈತರು ಇದರಲ್ಲಿ ಪಳಗಿದವರು. ಮೊದಲು ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಾರೆ, ವಯಸ್ಸು ಗೊತ್ತಾಗುತ್ತೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾರೆ. ಗೊರಸು ನೋಡುತ್ತಾರೆ. ಹೆಗಲ ಮೇಲೆ ಕೈಯಾಡಿಸಿ ನೊಗದ ಗಾಯ ಇದೆಯಾ ಅಂತ ತಡವುತ್ತಾರೆ. ಇಷ್ಟೆಲ್ಲ ಪಾಸಾದ ಮೇಲೆ ಬರುತ್ತೆ ಸುಳಿ. ಮೈಮೇಲೆ ಕೂದಲು ಸುತ್ತಿಕೊಂಡಿರುವ ಆ ಚಿಕ್ಕ ಗುರುತು ಹಣೆಯ ಮೇಲಿದ್ದರೆ ಒಂದು ಅರ್ಥ, ಬೆನ್ನ ಮೇಲಿದ್ದರೆ ಇನ್ನೊಂದು. ಹಲ್ಲು, ಕಾಲು, ಹೆಗಲು ಎಲ್ಲಾ ಸರಿಯಿರೋ ಎತ್ತು ಒಂದು ‘ಕೆಟ್ಟ’ ಸುಳಿಯಿಂದಾಗಿ ಅರ್ಧ ಬೆಲೆಗೆ ಇಳಿದುಬಿಡುತ್ತೆ. ಆ ಸುಳಿ ನೇಗಿಲು ಎಳೆಯೋದಿಲ್ಲ. ನೇಗಿಲು ಎಳೆಯೋದನ್ನ ತಡೆಯೋದೂ ಇಲ್ಲ.

ಇದನ್ನ ಮೂಢನಂಬಿಕೆ ಅಂತ ನಗುವ ನಮ್ಮ ಬೆಂಗಳೂರಿನ ಗೆಳೆಯರು ಮೂರು ನಾಲ್ಕು ಲಕ್ಷ ಕೊಟ್ಟು ಎಲೆಕ್ಟ್ರಿಕ್ ಗಿಟಾರ್ ತರಿಸಿದ ದಿನ ಏನು ಮಾಡುತ್ತಾರೆ ನೋಡಿ. ಡಬ್ಬ ಬಿಚ್ಚಿದ ಮೇಲೆ ಕೈಗೆ ಮೊದಲು ಬರೋದು ಮೊಬೈಲಿನ ಟಾರ್ಚ್. ಪ್ಲೆಕ್ಟ್ರಮ್ ಆಮೇಲೆ. ಬೆಳಕನ್ನ ಓರೆಯಾಗಿ ಹಿಡಿದು, ಕಣ್ಣು ಕಿರಿದು ಮಾಡಿ, ಇಂಚಿಂಚೂ ಹುಡುಕಾಟ. ಅಂಚಿನ ಬಿಳಿ ಪಟ್ಟಿಯ ಮೇಲೆ ಕೂದಲೆಳೆಯಷ್ಟು ಕೆಂಪು ಬಣ್ಣ ಹರಿದಿದೆ. ಹಿಂಭಾಗದ ವಾರ್ನಿಷಿನಲ್ಲಿ ಸಾಸಿವೆ ಕಾಳಿನಷ್ಟು ಗುಳಿ. ಮುಗೀತು. ಆ ರಾತ್ರಿ ಗಿಟಾರಿನ ಕ್ಲೋಸಪ್ ಫೋಟೋಗಳು ವಾಟ್ಸಾಪಿನಲ್ಲಿ ಓಡಾಡುತ್ತವೆ. ‘ಇದು ನಾರ್ಮಲ್ಲಾ ಗುರೂ? ವಾಪಸ್ ಕಳಿಸಲಾ?’ ಅದರ ದನಿ ಹೇಗಿದೆ ಅಂತ ಅಲ್ಲಿ ಯಾರೂ ಕೇಳೋದಿಲ್ಲ.

ಈ ಗುರುತುಗಳು ಬರೋದು ಎಲ್ಲಿಂದ ಅಂತ ತಿಳಿದುಕೊಂಡರೆ ಅರ್ಧ ಚಿಂತೆ ಕಡಿಮೆಯಾಗುತ್ತೆ. ಗಿಬ್ಸನ್ ತರಹದ ಗಿಟಾರುಗಳಲ್ಲಿ ಬಣ್ಣ ಸಿಂಪಡಿಸಿದ ಮೇಲೆ ಅಂಚಿನ ಪಟ್ಟಿಯ ಮೇಲೆ ಕೂತ ಬಣ್ಣವನ್ನ ಕೆಲಸಗಾರರು ಬ್ಲೇಡು ಹಿಡಿದು ಕೈಯಲ್ಲೇ ಕೆರೆದು ತೆಗೀತಾರೆ. ಕೈ ಒಂದು ಕೂದಲೆಳೆ ಈಚೆ ಸರಿದರೆ ಬಣ್ಣ ಉಳಿಯುತ್ತೆ, ಆಚೆ ಸರಿದರೆ ಪಟ್ಟಿ ತರಚುತ್ತೆ. ನೈಟ್ರೋಸೆಲ್ಯುಲೋಸ್ ಲೇಪನ ತೆಳು. ಒಣಗುತ್ತಾ ಮರದ ರಂಧ್ರಗಳೊಳಗೆ ಇಳಿಯುತ್ತೆ, ವರ್ಷಗಳು ಕಳೆದಂತೆ ಬಿರುಕೂ ಬಿಡುತ್ತೆ. ಹೊಳಪು ಕೊಡುವ ಚಕ್ರ ತನ್ನ ಸುತ್ತಿನ ಗೆರೆಗಳನ್ನ ಬಿಟ್ಟುಹೋಗುತ್ತೆ. ಇನ್ನು ಬೆರಳು ಹಲಗೆಗೆ ಹಾಕುವ ಮರ ಬಹಳ ಸಲ ನಮ್ಮ ಬೀಟೆ. ಪಶ್ಚಿಮ ಘಟ್ಟದ ಕಾಡುಗಳಲ್ಲಿ ಬೆಳೆಯುವ ಈ ಮರಕ್ಕೆ ಜಗತ್ತಿನ ಗಿಟಾರ್ ಕಂಪನಿಗಳು ಕಾದು ಕೂರುತ್ತವೆ. ಒಂದೇ ಬೀಟೆ ದಿಮ್ಮಿಯಲ್ಲಿ ಕಡು ನೇರಳೆ, ತಿಳಿ ಕಂದು, ಹಳದಿ ಗೆರೆ ಎಲ್ಲಾ ಇರುತ್ತೆ. ‘ನನ್ನ ಗಿಟಾರಿನ ಬೀಟೆ ಒಂದು ಕಡೆ ತಿಳಿಯಾಗಿದೆ’ ಅನ್ನೋ ದೂರನ್ನ ಹೊತ್ತು ಎಲ್ಲಿಗೆ ಹೋಗೋದು? ಕಾಡಿಗೇ ಹೋಗಬೇಕು.

ಹಾಗಂತ ‘ಕೈಕೆಲಸ ಅಂದ್ರೆ ಇಷ್ಟೇ, ಸುಮ್ಮನಿರಿ’ ಅನ್ನುವವರ ಪರ ನಾನಿಲ್ಲ. ಈ ಮಾತು ಹೆಚ್ಚಾಗಿ ಮಾರುವವರ ಬಾಯಿಂದಲೇ ಬರುತ್ತೆ. ಜಾಹೀರಾತಿನಲ್ಲಿ ಕನ್ನಡಿಯಂಥ ಹೊಳಪು ತೋರಿಸಿ, ಆ ಹೊಳಪಿಗೇ ಬೆಲೆ ಕಟ್ಟಿ, ದೂರು ಬಂದಾಗ ಮಾತ್ರ ಕುಶಲಕರ್ಮಿಯ ಕೈ ನೆನಪಿಸಿಕೊಳ್ಳೋದು ನ್ಯಾಯವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗುಣಮಟ್ಟದಲ್ಲಿನ ಯಾವುದೇ ಲೋಪ, ಅಪೂರ್ಣತೆ, ಕೊರತೆಯನ್ನ ‘ದೋಷ’ದ ವ್ಯಾಖ್ಯೆಯೊಳಗೆ ಸೇರಿಸಿದೆ. ಕೊಟ್ಟ ದುಡ್ಡು ನಿಮ್ಮದು, ಕೇಳುವ ಹಕ್ಕೂ ನಿಮ್ಮದು. ಅದರಲ್ಲೂ ಮನೆಯಲ್ಲಿ ಮೊದಲ ಬಾರಿಗೆ ಯಾರೋ ಒಬ್ಬರು ಹೊಟ್ಟೆಬಟ್ಟೆಗೆ ಸಂಬಂಧವಿಲ್ಲದ ವಸ್ತುವಿಗೆ ಇಷ್ಟು ಹಣ ಹಾಕಿರುವಾಗ, ‘ಮೋಸ ಹೋದೆನಾ?’ ಅನ್ನೋ ಭಯ ಕ್ಷುಲ್ಲಕವಲ್ಲ. ಆ ಮೊತ್ತದಲ್ಲಿ ಊರಲ್ಲಿ ಒಂದು ಬೋರ್‌ವೆಲ್ ಕೊರೆಸಬಹುದಿತ್ತು ಅನ್ನೋ ಲೆಕ್ಕ ನಮ್ಮ ಬಯಲುಸೀಮೆ ಮಕ್ಕಳ ತಲೆಯಿಂದ ಅಷ್ಟು ಬೇಗ ಹೋಗೋದಿಲ್ಲ ಕಣ್ರೀ.

ನನ್ನ ತಕರಾರು ಬೇರೆ. ಸುಳಿ ನೋಡೋ ಭರದಲ್ಲಿ ಹಲ್ಲು ನೋಡೋದೇ ಮರೆತುಹೋಗಿದೆ.

ಗಿಟಾರಿಗೂ ಹಲ್ಲು, ಕಾಲು, ಹೆಗಲು ಇವೆ. ಕುತ್ತಿಗೆ ತಿರುಚಿಕೊಂಡಿದೆಯಾ? ಒಳಗಿನ ಟ್ರಸ್ ರಾಡ್ ತಿರುಗಿಸಿದಾಗ ಬಾಗು ಸರಿಹೋಗುತ್ತಾ? ಪ್ರತಿ ತಂತಿಯನ್ನ ಪ್ರತಿ ಫ್ರೆಟ್ಟಿನಲ್ಲೂ ಒತ್ತಿ ನುಡಿಸಿದರೆ ಎಲ್ಲಾದರೂ ಜರ್ರ್ ಅನ್ನುತ್ತಾ, ಸ್ವರ ಸತ್ತುಹೋಗುತ್ತಾ? ತಂತಿ ಎಳೆದು ಬಿಟ್ಟಾಗ ಶ್ರುತಿ ನಿಲ್ಲುತ್ತಾ, ಇಲ್ಲಾ ನಟ್‌ನ ಗಾಡಿಯಲ್ಲಿ ಸಿಕ್ಕಿಕೊಳ್ಳುತ್ತಾ? ಹನ್ನೆರಡನೇ ಫ್ರೆಟ್ಟಿನ ಸ್ವರ ಬಿಡಿ ತಂತಿಯ ಸ್ವರಕ್ಕೆ ಸರಿಯಾಗಿ ಮೇಲಿನ ಷಡ್ಜವಾಗಿ ಕೇಳುತ್ತಾ? ಹಲಗೆಯ ಅಂಚಿನಲ್ಲಿ ಕೈ ಜಾರಿಸಿದರೆ ಫ್ರೆಟ್ಟಿನ ತುದಿ ಚುಚ್ಚುತ್ತಾ? ಈ ಕೊನೆಯದು ನಮ್ಮ ಕಡೆಯವರು ಗಮನಿಸಲೇಬೇಕಾದ್ದು. ಒಣ ಹವೆಯಲ್ಲಿ ಮರ ಕುಗ್ಗುತ್ತೆ, ಲೋಹ ಕುಗ್ಗೋದಿಲ್ಲ. ಫ್ರೆಟ್ಟಿನ ತುದಿಗಳು ಹೊರಗೆ ಇಣುಕುತ್ತವೆ. ಫೆಬ್ರವರಿ ಕಳೆದ ಮೇಲೆ ಹಿರಿಯೂರಿನ ಒಣಗಾಳಿಗೆ ಗಿಟಾರನ್ನ ಗೋಡೆಗೆ ನೇತುಹಾಕಿ ನೋಡಿ, ಗೊತ್ತಾಗುತ್ತೆ. ಇವೆಲ್ಲ ಕೈಗೆ, ಕಿವಿಗೆ ಸಿಗುವ ದೋಷಗಳು. ಟಾರ್ಚಿಗೆ ಇವುಗಳಲ್ಲಿ ಒಂದೂ ಸಿಗೋದಿಲ್ಲ.

ವೀಣೆಯವರಿಗೆ ಇದು ಚೆನ್ನಾಗಿ ಗೊತ್ತು. ವೀಣೆಯ ಇಪ್ಪತ್ನಾಲ್ಕು ಮೆಟ್ಟಿಲುಗಳು ಕೂತಿರೋದು ಮೇಣದ ಮೇಲೆ. ಕಾಲ ಕಳೆದಂತೆ ಮೇಣ ಸಡಿಲವಾಗುತ್ತೆ, ಸ್ವರಸ್ಥಾನ ಅಲುಗುತ್ತೆ, ಮತ್ತೆ ಮೇಳ ಕಟ್ಟಿಸಬೇಕು. ಹಾಗಾಗಿ ಹಳೇ ವೀಣೆ ಮನೆಗೆ ಬಂದರೆ ತಿಳಿದವರು ಮೊದಲು ಕೇಳೋದು ‘ಮೇಳ ಸರಿಯಿದೆಯಾ?’ ಅಂತ. ಹಲಸಿನ ಕೊಡದ ಮೇಲಿನ ಗೀರಿನ ವಿಚಾರ ಬರೋದು ಕಾಫಿ ಕುಡಿದಾದ ಮೇಲೆ, ಬಂದರೆ.

ಇನ್ನು ಈ ಗಿಟಾರ್ ಲೋಕದ ತಮಾಷೆ ಕೇಳಿ. ಹೊಸ ಗಿಟಾರಿನಲ್ಲಿ ಒಂದು ಗೀರು ಕಂಡರೆ ನಿದ್ದೆ ಬಿಡುವ ಇದೇ ಮಾರುಕಟ್ಟೆಯಲ್ಲಿ, ಬೇಕಂತಲೇ ಗೀರಿ, ಬಣ್ಣ ಕಿತ್ತು, ಲೋಹಕ್ಕೆ ತುಕ್ಕು ಹಿಡಿಸಿ ಹಳೆಯದರಂತೆ ಮಾಡಿದ ಗಿಟಾರು ಇನ್ನೂ ಹೆಚ್ಚು ಬೆಲೆಗೆ ಹೋಗುತ್ತೆ. ಫೆಂಡರ್ ಕಂಪನಿ 1995ರಲ್ಲಿ ‘ರೆಲಿಕ್’ ಅನ್ನೋ ಹೆಸರಲ್ಲಿ ಇದನ್ನ ಶುರುಮಾಡಿತು. ಐರ್ಲೆಂಡಿನ ರೋರಿ ಗ್ಯಾಲಹರ್ 1963ರಲ್ಲಿ ಕೊಂಡ ಸ್ಟ್ರ್ಯಾಟೋಕಾಸ್ಟರ್ ಹತ್ತಾರು ವರ್ಷಗಳ ಬೆವರಿಗೆ ಬಣ್ಣವನ್ನೆಲ್ಲ ಕಳಚಿಕೊಂಡಿತ್ತು. ಆ ಬೆವರಿನ ಗುರುತುಗಳನ್ನೂ ನಕಲು ಮಾಡಿ ಮಾರಿದ್ದಾಯಿತು. ಅಂದರೆ ಗೀರು ಆರ್ಡರಿನಲ್ಲಿ ಇದ್ದರೆ ಅದು ಇತಿಹಾಸ, ಇಲ್ಲದಿದ್ದರೆ ದೋಷ. ಎರಡನ್ನೂ ನಾವು ಅಳೀತಿರೋದು ಕಣ್ಣಿಂದಲೇ. ಒಬ್ಬರಿಗೆ ತಾನು ನುಡಿಸದ ವರ್ಷಗಳು ರೆಡಿಮೇಡ್ ಬೇಕು, ಇನ್ನೊಬ್ಬರಿಗೆ ತಾನು ನುಡಿಸಿದರೂ ಒಂದು ವರ್ಷವೂ ಅಂಟಬಾರದು.

ಕೆಟ್ಟ ಸುಳಿಯ ಎತ್ತನ್ನ ಕಡಿಮೆ ಬೆಲೆಗೆ ಹೊಡೆದುಕೊಂಡು ಹೊಲ ಉತ್ತ ಜಾಣ ರೈತರು ಎಲ್ಲಾ ಊರಲ್ಲೂ ಇದ್ದಾರೆ. ಗಿಟಾರಿನಲ್ಲಿ ಅಂಥವರು ಎಡ್ಡಿ ವ್ಯಾನ್ ಹೇಲನ್. ಮರದಲ್ಲಿ ಗಂಟಿದೆ ಅಂತ ‘ಸೆಕೆಂಡ್ಸ್’ ರಾಶಿಗೆ ಹಾಕಿದ್ದ ಒಂದು ಒಡಲನ್ನ ಅವರು 50 ಡಾಲರಿಗೆ ಕೊಂಡು, ಟೇಪು ಅಂಟಿಸಿ, ಸ್ಪ್ರೇ ಪೇಂಟು ಹೊಡೆದು ತಮ್ಮ ಗಿಟಾರ್ ತಾವೇ ಜೋಡಿಸಿಕೊಂಡರು. 1978ರ ಅವರ ಮೊದಲ ಆಲ್ಬಂ ಕೇಳಿದವರಾರೂ ಆ ಗಂಟಿನ ಬಗ್ಗೆ ದೂರಲಿಲ್ಲ. 2019ರಲ್ಲಿ ಅದೇ ಗಿಟಾರು ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಮ್ಯೂಸಿಯಮ್ಮಿನ ಪ್ರದರ್ಶನದಲ್ಲಿತ್ತು. ಪೀಟರ್ ಗ್ರೀನ್ ಅವರ 1959ರ ಲೆಸ್ ಪಾಲ್‌ನದು ಇನ್ನೊಂದು ಕಥೆ. ಅದರ ಒಂದು ಪಿಕಪ್ಪಿನೊಳಗಿನ ಅಯಸ್ಕಾಂತ ತಿರುಗುಮುರುಗಾಗಿತ್ತು. ಇವತ್ತಿನ ಲೆಕ್ಕದಲ್ಲಿ ಮಾರನೇ ದಿನವೇ ವಾಪಸ್ ಹೋಗಬೇಕಾದ ಮಾಲು. ಆ ತಪ್ಪಿನಿಂದ ಹುಟ್ಟಿದ ಟೊಳ್ಳು ದನಿಯನ್ನೇ ಜನ ಅರ್ಧ ಶತಮಾನದಿಂದ ನಕಲು ಮಾಡುತ್ತಿದ್ದಾರೆ. ಅದು ಮುಂದೆ ಗ್ಯಾರಿ ಮೂರ್ ಕೈಗೆ ಹೋಯಿತು, ಈಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಬಳಿ ಇದೆ.

‘ಅವರೆಲ್ಲ ದೊಡ್ಡವರು, ನಾವು ಶನಿವಾರದ ಗಿಟಾರಿಸ್ಟುಗಳು’ ಅಂತೀರಾ? ಸಮಸ್ಯೆ ಇರೋದೇ ಅಲ್ಲಿ ಅನಿಸುತ್ತೆ. ಕೋಡಿಂಗ್, ಮೀಟಿಂಗ್, ಟ್ರಾಫಿಕ್ ಮುಗಿಸಿ ವಾರಕ್ಕೆ ಎರಡು ಗಂಟೆ ಸಿಕ್ಕಿದರೆ ಹೆಚ್ಚು. ಕೈಗೆ, ಕಿವಿಗೆ ಇನ್ನೂ ತೀರ್ಪು ಕೊಡುವಷ್ಟು ಅನುಭವ ಬಂದಿರೋದಿಲ್ಲ. ಕಣ್ಣು ಮಾತ್ರ ಮೊದಲ ದಿನದಿಂದಲೇ ಪಳಗಿದೆ; ದಿನವಿಡೀ ಸ್ಕ್ರೀನಿನಲ್ಲಿ ಬಗ್ ಹುಡುಕೋದೇ ಅದರ ಕೆಲಸ. ಹಾಗಾಗಿ ಗಿಟಾರನ್ನೂ ಅದೇ ಕಣ್ಣಿಗೆ ಒಪ್ಪಿಸುತ್ತೇವೆ. ಜೊತೆಗೆ ಇನ್ನೊಂದು ಪುಕ್ಕಲು ಒಳಗೇ ಇರುತ್ತೆ: ಗಿಟಾರು ನೂರಕ್ಕೆ ನೂರು ಸರಿಯಿದ್ದರೆ, ಬರದೇ ಇರೋ ಸಂಗೀತಕ್ಕೆ ಆಮೇಲೆ ಯಾರನ್ನ ಹೊಣೆ ಮಾಡೋದು? ಸಾಸಿವೆ ಕಾಳಿನಷ್ಟು ಗುಳಿ ಇದ್ದರೆ ಒಂದು ನೆಪವಾದರೂ ಇರುತ್ತೆ. ಬದಲಿ ಗಿಟಾರ್ ಬರೋವರೆಗೆ ಮೂರು ವಾರ ಅಭ್ಯಾಸಕ್ಕೆ ರಜೆ. ಬದಲಿ ಬಂದಮೇಲೆ ಮತ್ತೆ ಟಾರ್ಚು.

1983ರ ‘ಪಲ್ಲವಿ ಅನುಪಲ್ಲವಿ’ಯಲ್ಲಿ ಇಳಯರಾಜಾ ಗಿಟಾರಿಗೆ ಕೊಟ್ಟ ಆ ಸ್ವರಗಳು ನಮ್ಮ ಪೀಳಿಗೆಗೆಲ್ಲ ಬಾಯಿಪಾಠ. ನಮ್ಮಲ್ಲಿ ಬಹಳ ಜನ ಗಿಟಾರ್ ಕಲಿಯೋಕೆ ಹೋಗಿದ್ದೇ ಅದನ್ನ ನುಡಿಸಬೇಕು ಅಂತ. ಆ ರೆಕಾರ್ಡಿಂಗಿನ ದಿನ ಸ್ಟುಡಿಯೋದಲ್ಲಿದ್ದ ಗಿಟಾರಿನ ಅಂಚು ಹೇಗಿತ್ತು ಅಂತ ಯಾರಿಗಾದರೂ ತಲೆಗೆ ಹೋಗಿದೆಯಾ?

ಆದ್ದರಿಂದ ಒಂದು ಸಲಹೆ. ಹೊಸ ಗಿಟಾರ್ ಬಂದ ದಿನ ಲೈಟು ಆರಿಸಿ. ಕತ್ತಲಲ್ಲಿ ಕೂತು ಎರಡು ಗಂಟೆ ನುಡಿಸಿ, ಮೇಲೆ ಹೇಳಿದ ಹಲ್ಲು-ಕಾಲುಗಳನ್ನೆಲ್ಲ ಕೈಯಲ್ಲೇ ಪರೀಕ್ಷೆ ಮಾಡಿ. ಕುತ್ತಿಗೆ ತಿರುಚಿದ್ದರೆ, ಸ್ವರ ಸಾಯುತ್ತಿದ್ದರೆ, ಎಷ್ಟೇ ಚಂದವಿದ್ದರೂ ನಾಚಿಕೆಯಿಲ್ಲದೆ ವಾಪಸ್ ಕಳಿಸಿ. ಎಲ್ಲಾ ಸರಿಯಿದ್ದರೆ ಲೈಟು ಹಾಕಿ. ಆಗ ಕಂಡ ಗುಳಿಗೆ ಅಂಗಡಿಯವರ ಹತ್ತಿರ ಒಂದಿಷ್ಟು ದುಡ್ಡು ಬಿಡಿಸಿಕೊಳ್ಳೋಕೆ ಆಗುತ್ತಾ ನೋಡಿ, ಅದು ನಿಮ್ಮ ಹಕ್ಕು. ಜಾತ್ರೆಯಲ್ಲಿ ಟವೆಲಿನಡಿ ಬೆರಳು ಹಿಡಿದು ಚೌಕಾಸಿ ಮಾಡುವವರೂ ಅದನ್ನೇ ಮಾಡೋದು. ಆಮೇಲೆ ಆ ಮಾತು ಅಲ್ಲಿಗೆ ಬಿಡಿ. ಮುಂಗಾರು ಬಂದಾಗ ಎತ್ತು ಹೊಲದಲ್ಲಿರಬೇಕು. ಕೊಟ್ಟಿಗೆಯಲ್ಲಿ ಕಟ್ಟಿಹಾಕಿ ಸುಳಿ ನೋಡುತ್ತಾ ಕೂತರೆ ನೆಲ ಹಾಗೇ ಇರುತ್ತೆ.