ಮಲ್ಲಪ್ಪಶೆಟ್ಟಿ ಎಂಬ ಬೈಗುಳ

ಬೈಲಹೊಂಗಲ, ಸವದತ್ತಿ ಕಡೆ ಪಿಕೆಪಿಎಸ್ (ಊರ ಕೃಷಿ ಪತ್ತಿನ ಸಹಕಾರಿ ಸಂಘ) ಚುನಾವಣೆಯ ಫಲಿತಾಂಶ ಬಂದ ಮರುದಿನ ಚಹಾದಂಗಡಿ ಮುಂದೆ ಈ ಮಾತು ಕಿವಿಗೆ ಬೀಳದೆ ಇರುವುದಿಲ್ಲ: ‘ಅಂವಾ ನಮ್ಮೊಳಗಿನ ಮಲ್ಲಪ್ಪಶೆಟ್ಟಿ ಅದಾನ್ರೀ.’ ಓಟು ಆಚೆ ಹಾಕಿದವನಿಗೂ ಇದೇ ಬಿರುದು, ಟಿಕೆಟ್ ಸಿಗದೆ ಪಕ್ಷ ಬಿಟ್ಟವನಿಗೂ ಇದೇ, ಬದುವಿನ ತಂಟೆಯಲ್ಲಿ ಎದುರಾಳಿಯ ಪರ ಸಾಕ್ಷಿ ಹೇಳಿದ ಅಣ್ಣತಮ್ಮಕಿಯವನಿಗೂ ಇದೇ.

ಇಂಗ್ಲಿಷಿನವರು ಇಂಥವರ ಗುಂಪನ್ನು ‘ಫಿಫ್ತ್ ಕಾಲಂ’ ಎನ್ನುತ್ತಾರೆ. ನಮ್ಮ ಪತ್ರಿಕೆಗಳು ಅದನ್ನು ಪಂಚಮ ದಳ ಮಾಡಿಕೊಂಡವು. ನಾಲ್ಕು ದಂಡು ಮ್ಯಾಡ್ರಿಡ್ಡಿನ ಮೇಲೆ ಹೊರಟಿವೆ, ಐದನೆಯದು ಊರೊಳಗೇ ಇದೆ ಎಂದು 1936ರಲ್ಲಿ ಸ್ಪೇನಿನ ಬಂಡುಕೋರ ಜನರಲ್ ಮೋಲಾ ಹೇಳಿದನೆಂದು ಪ್ರತೀತಿ. ಊರು ಬೀಳಲು 1939ರ ಮಾರ್ಚ್ ಬೇಕಾಯಿತು. ಮಾತು ಮಾತ್ರ ಅಂದೇ ಕೆಲಸ ಶುರು ಮಾಡಿತ್ತು. 1936ರ ನವೆಂಬರಿನಲ್ಲೇ ಸಂಶಯದ ಕೈದಿಗಳನ್ನು ಮ್ಯಾಡ್ರಿಡ್ಡಿನ ಜೈಲುಗಳಿಂದ ಎಳೆದೊಯ್ದು ಹತ್ತಿರದ ಪರಾಕ್ವೆಯೋಸಿನಲ್ಲಿ ಗುಂಡಿಟ್ಟು ಕೊಂದರು. 1940ರಲ್ಲಿ ಬ್ರಿಟನ್ ಇದೇ ದಿಗಿಲಿಗೆ, ಹಿಟ್ಲರನಿಗೆ ಹೆದರಿ ಓಡಿಬಂದ ಯಹೂದಿಗಳನ್ನೂ ಕೂಡಿಹಾಕಿತು.

ನಮ್ಮ ಮಾತು ಅಷ್ಟು ರಕ್ತ ಕುಡಿದಿಲ್ಲ. ಬೈಗುಳವಾಗಿ ಅದು ಪಂಚಮ ದಳಕ್ಕಿಂತ ಎಷ್ಟೋ ಪಾಲು ಮೇಲು: ಅದಕ್ಕೆ ಹೆಸರಿದೆ, ಊರಿದೆ, ಹಿಂದೆ ಒಂದು ಕತೆಯಿದೆ. ಚರಿತ್ರೆಯಾಗಿ ನೋಡಿದರೆ ಬಲು ಸಡಿಲು.

ಕತೆ ಎಲ್ಲರಿಗೂ ಗೊತ್ತು. ಕಿತ್ತೂರು ಸಂಸ್ಥಾನದ ಕಾರಭಾರಿಗಳಾದ ಮಲ್ಲಪ್ಪಶೆಟ್ಟಿ, ವೆಂಕಟರಾವ್ ಈಸ್ಟ್ ಇಂಡಿಯಾ ಕಂಪನಿಯ ಕಡೆ ಸೇರಿದರು, ಕೋಟೆಯ ಮದ್ದಿಗೆ ಸೆಗಣಿ, ಕಾಳು ಬೆರೆತವು, ಕಿತ್ತೂರು ಬಿತ್ತು. ಈಗ ತಾರೀಕು ಹಚ್ಚಿ ನೋಡೋಣ. ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡದ್ದು 1824ರ ಸೆಪ್ಟೆಂಬರಿನಲ್ಲಿ. ದೊರೆಯ ದತ್ತಕವನ್ನು ಒಪ್ಪದ ಧಾರವಾಡದ ಕಲೆಕ್ಟರ್ ಥ್ಯಾಕರೆ ಮಲ್ಲಪ್ಪಶೆಟ್ಟಿ, ವೆಂಕಟರಾವ್ ಇಬ್ಬರ ಕೈಗೆ ಸಂಸ್ಥಾನದ ಉಸ್ತುವಾರಿ ಕೊಟ್ಟದ್ದು ಅದರ ಬೆನ್ನಿಗೇ. ಅಂದರೆ ಅಕ್ಟೋಬರ್ 23ರಂದು ಥ್ಯಾಕರೆ ಕೋಟೆ ಮುಂದೆ ಗುಂಡು ತಿಂದು ಬಿದ್ದಾಗಲೂ ದ್ರೋಹಿಗಳು ಇದ್ದೇ ಇದ್ದರು. ಆದರೂ ಕಿತ್ತೂರು ಗೆದ್ದಿತು! ಡಿಸೆಂಬರಿನಲ್ಲಿ ಹೊಸದಾಗಿ ಬಂದದ್ದು ಲೆಫ್ಟಿನೆಂಟ್ ಕರ್ನಲ್ ಡೀಕನ್ನನ ದಂಡು, ಅದರ ಜೊತೆಗೆ ದೊಡ್ಡ ತೋಪುಗಳು. ಅಕ್ಟೋಬರಿನಲ್ಲಿ ಸೆರೆಸಿಕ್ಕಿದ್ದ ಕಂಪನಿಯ ಅಧಿಕಾರಿಗಳಾದ ಸ್ಟೀವನ್ಸನ್ ಮತ್ತು ಎಲಿಯಟ್ಟರನ್ನು ಸಂಧಾನ ನಂಬಿ ರಾಣಿ ಚನ್ನಮ್ಮ ಬಿಟ್ಟುಕೊಟ್ಟಾಗಿತ್ತು. ಆ ಕಾಳಗದಲ್ಲೂ ಸೋಲಾಪುರದ ಸಬ್ ಕಲೆಕ್ಟರ್ ಮನ್ರೋ ಸತ್ತ. ಕಿತ್ತೂರಿನ ಮದ್ದು ಪೂರ್ತಿ ಸೆಗಣಿಯಾಗಿರಲಿಲ್ಲ. ಒಬ್ಬನ ಹೆಸರಿಗೆ ಸೋಲು ಬರೆದುಬಿಟ್ಟರೆ ಆ ತೋಪು, ಆ ಸಂಧಾನ, ದತ್ತಕವನ್ನೇ ಒಪ್ಪದ ಕಂಪನಿಯ ದುರಾಸೆ ಎಲ್ಲವೂ ಲೆಕ್ಕದಿಂದ ಜಾರಿಹೋಗುತ್ತವೆ. ಮೇಲಾಗಿ ‘ಶೆಟ್ಟಿ’ ಎಂದು ಹಲ್ಲು ಕಡಿದಾಗ ಪೆಟ್ಟು ಒಬ್ಬನಿಗೇ ಬೀಳುತ್ತದೆ ಅಂತೇನಿಲ್ಲ.

ದ್ರೋಹ ನಿಜಕ್ಕೂ ತೀರ್ಮಾನ ಮಾಡಿದ್ದು ಕಿತ್ತೂರು ಬಿದ್ದ ಮೇಲೆ ಬಂಡೆದ್ದ ಸಂಗೊಳ್ಳಿ ರಾಯಣ್ಣನ ಪಾಲಿಗೆ. ರಾಯಣ್ಣನಿಗೆ ಕೋಟೆ ಇರಲಿಲ್ಲ, ಕಾಡು ಇತ್ತು. ಬೀಡಿಯಲ್ಲಿ, ಸಂಪಗಾವಿಯಲ್ಲಿ ಕಚೇರಿ ಸುಟ್ಟು ಮಾಯವಾಗುವವನ ಮೇಲೆ ತೋಪು ಹಾರಿಸುವುದಾದರೂ ಎಲ್ಲಿಗೆ? ಅವನ ಜಾಡು ಗೊತ್ತಿದ್ದ ಊರಗೌಡರೇ ಬೇಕಾಯಿತು. 1830ರಲ್ಲಿ ಹಿಡಿದುಕೊಟ್ಟರು, 1831ರ ಜನವರಿ 26ಕ್ಕೆ ನಂದಗಡದಲ್ಲಿ ಗಲ್ಲಾಯಿತು. ವಿಚಿತ್ರ ನೋಡಿ, ಆ ಗೌಡರ ಹೆಸರು ಹಾಡಿನಲ್ಲಿ ಉಳಿದವೇ ಹೊರತು ದಿನಬಳಕೆಯ ಬೈಗುಳವಾಗಲಿಲ್ಲ.

ರಾಮದುರ್ಗದ್ದು ಇನ್ನೊಂದು ನಮೂನೆ. 1858ರ ಮೇ ತಿಂಗಳಲ್ಲಿ ಬಂಡೆದ್ದ ನರಗುಂದದ ದೊರೆ ಬಾಬಾಸಾಹೇಬನ ಕಡೆಯವರು ಕಂಪನಿಯ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ನನನ್ನು ಸುರೇಬಾನದಲ್ಲಿ ಕೊಂದರು. ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲು; ಅವನ ಮಲಸಹೋದರನ ರಾಮದುರ್ಗ ಕಂಪನಿಯ ನೆರಳಲ್ಲೇ ನಿಂತು, ಸಂಸ್ಥಾನವಾಗಿ 1948ರ ತನಕ ಉಳಿಯಿತು. ಆ ಮಲಸಹೋದರನನ್ನು ಯಾರೂ ಮಲ್ಲಪ್ಪಶೆಟ್ಟಿ ಎನ್ನಲಿಲ್ಲ. ಗಾದಿ ಮೇಲೆ ಕೂತವನು ಕೈ ಜೋಡಿಸಿದರೆ ಮುತ್ಸದ್ದಿತನ, ಕಾರಭಾರಿ ಜೋಡಿಸಿದರೆ ದ್ರೋಹ!

ಹಾಗಾಗಿ ಈ ಮಾತು ನಾಟಕದ ಅಟ್ಟದ ಮೇಲೆ ಚಂದ, ಭಾಷಣದಲ್ಲಿ ಸೋಮಾರಿತನ. ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ಮೈಕು ಹಿಡಿಯುವವರಲ್ಲಿ ಒಂದು ವಿನಂತಿ: ಪಕ್ಷ ಬಿಟ್ಟವನನ್ನು ಪಕ್ಷ ಬಿಟ್ಟವನು ಎಂದಷ್ಟೇ ಕರೆಯಿರಿ, ಮಲ್ಲಪ್ಪಶೆಟ್ಟಿಯ ಹೆಸರು ಎತ್ತಲೇಬೇಕೆಂದರೆ ಡೀಕನ್ನನ ಹೆಸರನ್ನೂ ಎತ್ತಿರಿ.