ಸೆಲ್ಫ್ ಹೊಡೆಯುವ ಆ ಹತ್ತು ಸೆಕೆಂಡು

ಡೀಸೆಲ್ ಪಿಕಪ್ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಮಾತ್ರ ಆಗುವುದಿಲ್ಲ ಎಂದಾಗ ನಮ್ಮ ಗ್ಯಾರೇಜುಗಳಲ್ಲಿ ಎರಡು ಮಾತು ಕೇಳಿಬರುತ್ತವೆ. ಒಂದು ಹಳೆಯದು: ಡೀಸೆಲ್ ಎಂಜಿನ್ನಿಗೆ ಬೇಕಾದದ್ದು ಗಾಳಿ, ಡೀಸೆಲ್, ಕಂಪ್ರೆಷನ್, ಸೆಲ್ಫ್ ತಿರುಗುತ್ತಿದೆ ಎಂದರೆ ಬ್ಯಾಟರಿ ಸರಿಯಿದೆ, ಏರ್ ಹಿಡಿದಿರಬೇಕು, ಪಂಪ್ ಹೊಡೆದು ಏರ್ ತೆಗಿ. ಇನ್ನೊಂದು ಹೊಸದು: ಸ್ಕ್ಯಾನರ್ ಹಾಕು, ಯಾವ ಕೋಡ್ ಬರುತ್ತದೋ ಆ ಪಾರ್ಟ್ ಬದಲಿಸು. ಹಳೆಯ ಮೇಸ್ತ್ರಿಗಳು ಒಂದು ಕಡೆ, ಲ್ಯಾಪ್‌ಟಾಪ್ ಹಿಡಿದ ಹುಡುಗರು ಇನ್ನೊಂದು ಕಡೆ ಎಂದು ಈ ಜಗಳವನ್ನು ಪಾಲು ಮಾಡುವುದು ರೂಢಿ. ಆ ಪಾಲೇ ತಪ್ಪು ಎಂಬುದು ನನ್ನ ತಕರಾರು. ಎರಡು ಮಾತುಗಳೂ ಕೈಬಿಡುವುದು ಒಂದನ್ನೇ, ಕೀ ತಿರುಗಿಸಿದ ಮೇಲೆ ಸೆಲ್ಫ್ ಓಡುವ ಆ ಹತ್ತು ಸೆಕೆಂಡನ್ನು. ಅಷ್ಟರಲ್ಲಿ ಎಂಜಿನ್ ಎಷ್ಟು ವೇಗವಾಗಿ ತಿರುಗಿತು, ಇಂಜೆಕ್ಟರುಗಳಿಗೆ ಡೀಸೆಲ್ ಹಂಚುವ ರೈಲಿನಲ್ಲಿ ಒತ್ತಡ ಎಲ್ಲಿಗೆ ಏರಿತು, ಸೈಲೆನ್ಸರಿನಿಂದ ಹೊಗೆ ಬಂತೋ ಇಲ್ಲವೋ, ಇಷ್ಟನ್ನು ನೋಡದೆ ಸ್ಪ್ಯಾನರ್ ಎತ್ತಿಕೊಂಡವನು ಊಹೆಯ ಮೇಲೆ ಕೆಲಸ ಮಾಡುತ್ತಿದ್ದಾನೆ.

ಮೊದಲು ಹಳೆಯ ಮಾತನ್ನೇ ನೋಡೋಣ. ರುಡಾಲ್ಫ್ ಡೀಸೆಲ್ 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ಓಡಿಸಿ ತೋರಿಸಿದ ಎಂಜಿನ್ನಿನ ಮೂಲವಿಚಾರವೇ ಕಿಡಿಯಿಲ್ಲದ ಬೆಂಕಿ. ಗಾಳಿಯನ್ನು ಗಟ್ಟಿಯಾಗಿ ಒತ್ತಿದರೆ ಅದು ಕಾಯುತ್ತದೆ, ಕಾದ ಗಾಳಿಗೆ ಡೀಸೆಲ್ ಬಿದ್ದರೆ ಹತ್ತಿಕೊಳ್ಳುತ್ತದೆ. ಹದಿನೇಳು ಪಾಲು ಗಾಳಿಯನ್ನು ಒಂದು ಪಾಲಿಗೆ ಒತ್ತಿದರೆ ಕಾಗದದ ಲೆಕ್ಕದಲ್ಲಿ ಶಾಖ 600 ಡಿಗ್ರಿ ದಾಟುತ್ತದೆ. ಆದರೆ ಕಾಗದದ ಸಿಲಿಂಡರಿನಲ್ಲಿ ಗಾಳಿ ಸೋರುವುದಿಲ್ಲ, ಶಾಖ ಗೋಡೆಗೆ ಇಳಿದುಹೋಗುವುದಿಲ್ಲ. ನಿಜವಾದ ಎಂಜಿನ್ನಿನಲ್ಲಿ ಎರಡೂ ಆಗುತ್ತವೆ, ಮತ್ತು ಎರಡಕ್ಕೂ ಬೇಕಾದದ್ದು ಸಮಯ. ಸೆಲ್ಫ್ ನಿಮಿಷಕ್ಕೆ 200 ಸುತ್ತು ತಿರುಗಿಸಿದರೆ ಪಿಸ್ಟನ್ ಕೆಳಗಿನಿಂದ ಮೇಲಕ್ಕೆ ಬರಲು 0.15 ಸೆಕೆಂಡು ಸಾಕು. 100 ಸುತ್ತಾದರೆ 0.3 ಸೆಕೆಂಡು ಬೇಕು. ರಿಂಗಿನ ಸಂದಿಯಲ್ಲಿ ಸೋರಲು, ತಣ್ಣನೆಯ ಗೋಡೆಗೆ ಶಾಖ ಬಿಟ್ಟುಕೊಡಲು ಗಾಳಿಗೆ ಎರಡು ಪಟ್ಟು ಹೊತ್ತು ಸಿಕ್ಕಂತಾಯಿತು. ಗಾಳಿ ಇದೆ, ಡೀಸೆಲ್ ಇದೆ, ಕಂಪ್ರೆಷನ್ ಇದೆ. ಬೆಂಕಿ ಮಾತ್ರ ಇಲ್ಲ. ಆ ಮೂರರ ಪಟ್ಟಿಯಲ್ಲಿ ವೇಗಕ್ಕೆ ಜಾಗವೇ ಇಲ್ಲದಿರುವುದು ಸಣ್ಣ ಮರೆವಲ್ಲ.

‘ತಿರುಗುತ್ತಿದೆಯಲ್ಲ, ಬ್ಯಾಟರಿ ಸರಿಯಿದೆ’ ಎಂಬ ತೀರ್ಪು ಹಾಗಾಗಿ ನಿಲ್ಲುವುದಿಲ್ಲ. ಹೆಡ್‌ಲೈಟ್ ಚೆನ್ನಾಗಿ ಉರಿಯುತ್ತಿದೆ ಎಂಬ ಸಾಕ್ಷಿಯೂ ಅಷ್ಟೇ. ದೀಪ ಎಳೆಯುವ ಕರೆಂಟಿಗೂ ಸೆಲ್ಫ್ ಎಳೆಯುವ ನೂರಾರು ಆಂಪಿಯರಿಗೂ ಹೋಲಿಕೆಯಿಲ್ಲ. ನಿಂತಾಗ 12.6 ವೋಲ್ಟ್ ತೋರಿಸುವ ಬ್ಯಾಟರಿ ಸೆಲ್ಫ್ ಹೊಡೆದಾಗ 9.5ಕ್ಕಿಂತ ಕೆಳಗೆ ಕುಸಿದರೆ ಅದನ್ನು ಅನುಮಾನಿಸಲೇಬೇಕು. ಬ್ಯಾಟರಿ ಹೊಸದಾಗಿದ್ದೂ ಎಂಜಿನ್ ಸೋಮಾರಿಯಾಗಿ ತಿರುಗಿದರೆ ಅರ್ತ್ ಕೇಬಲ್ ನೋಡಬೇಕು. ಮೀಟರಿನ ಒಂದು ಮುಳ್ಳನ್ನು ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ ಬ್ಲಾಕಿಗೆ ತಾಗಿಸಿ ಸೆಲ್ಫ್ ಹೊಡೆಸಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ತಪ್ಪು ಆ ಕೇಬಲಿನಲ್ಲಿ, ಇಲ್ಲವೇ ತುಕ್ಕು ಹಿಡಿದ ಅದರ ಬೋಲ್ಟಿನಲ್ಲಿದೆ. ಈ ಪರೀಕ್ಷೆಗೆ ಎರಡು ನಿಮಿಷ ಬೇಕು. ಫಿಲ್ಟರ್ ಬಿಚ್ಚಿ ಏರ್ ತೆಗೆಯಲು ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಇದ್ದ ಚಾರ್ಜೂ ಮುಗಿದಿರುತ್ತದೆ.

ಇಷ್ಟು ಹೇಳಿದರೂ ಹಳೆಯ ಮೇಸ್ತ್ರಿಗಳ ಮೇಲೆ ನನ್ನ ದೂರಿಲ್ಲ. ನಾನು ಕಂಡ ಒಳ್ಳೆಯ ಮೇಸ್ತ್ರಿಗಳು ಯಾರೂ ಬಾನೆಟ್ ಎತ್ತುವ ಮೊದಲೇ ‘ಏರ್ ಹಿಡಿದಿದೆ’ ಎಂದವರಲ್ಲ. ಗಾಡಿಯ ಪಕ್ಕದಲ್ಲಿ ನಿಂತು, ಕೈ ಒರೆಸಿಕೊಳ್ಳುತ್ತ, ‘ಎಲ್ಲಿ, ಒಂದ್ಸಲ ಸೆಲ್ಫ್ ಕೊಡಪ್ಪ’ ಎನ್ನುತ್ತಿದ್ದರು. ಕಿವಿ ಸದ್ದಿನ ಕಡೆಗೆ, ಕಣ್ಣು ಸೈಲೆನ್ಸರಿನ ಕಡೆಗೆ. ಎಂಜಿನ್ನಿನ ವೇಗವನ್ನು ಅವರು ಸದ್ದಿನಲ್ಲಿ ಅಳೆಯುತ್ತಿದ್ದರು. ಅಂಕಿ ಹೇಳುತ್ತಿರಲಿಲ್ಲ, ಅಷ್ಟೆ. ಅವರ ವಿದ್ಯೆಯಲ್ಲಿ ಬಾಯಿಪಾಠಕ್ಕೆ ಸಿಕ್ಕ ಮೂರು ಪದಗಳು ಉಳಿದವು, ಕಿವಿಗೆ ಸೇರಿದ್ದು ಅವರೊಂದಿಗೇ ಹೋಯಿತು. ಇಂದು ಅವರ ಹೆಸರಿನಲ್ಲಿ ಓಡಾಡುವ ಮಾತು ಅವರಿಗೇ ಅನ್ಯಾಯ ಮಾಡುತ್ತಿದೆ.

ಈಗ ಹೊಸ ಮಾತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಯಾಂತ್ರಿಕ ಪಂಪಿನ ಹೊಸ ಡೀಸೆಲ್ ಪಿಕಪ್ ಸಿಗುವುದಿಲ್ಲ, ಎಲ್ಲವೂ ಕಾಮನ್ ರೈಲ್. ಹಳೆಯ ಪಂಪಿನ ಗಾಡಿಯಲ್ಲಿ ನೋಝಲಿಗೆ ಡೀಸೆಲ್ ತಲುಪಿದರೆ ಅದು ಚಿಮ್ಮುತ್ತಿತ್ತು. ಕಾಮನ್ ರೈಲಿನಲ್ಲಿ ಡೀಸೆಲ್ ತಲುಪಿದರೆ ಸಾಲದು; ರೈಲಿನ ಒತ್ತಡ ಒಂದು ಗೆರೆ ದಾಟುವವರೆಗೆ ಎಂಜಿನ್ನಿನ ಕಂಪ್ಯೂಟರ್, ಅಂದರೆ ಇಸಿಯು, ಇಂಜೆಕ್ಟರನ್ನು ತೆರೆಯಲು ಬಿಡುವುದಿಲ್ಲ. ಆ ಗೆರೆ ತಯಾರಕರಿಗೆ ತಕ್ಕಂತೆ ಬದಲಾದರೂ ಸಾಮಾನ್ಯವಾಗಿ 150ರಿಂದ 250 ಬಾರ್ ನಡುವೆ ಇರುತ್ತದೆ. ಇಲ್ಲೂ ವೇಗದ ಮಾತೇ ಬರುತ್ತದೆ. ಪಂಪ್ ಎಷ್ಟು ತುಂಬಿಸಬಲ್ಲದು ಎಂಬುದು ಎಂಜಿನ್ ತಿರುಗುವ ವೇಗಕ್ಕೆ ಕಟ್ಟುಬಿದ್ದಿದೆ, ಸವೆದ ಇಂಜೆಕ್ಟರಿನ ಸೋರಿಕೆ ವೇಗವನ್ನು ಕೇಳಿ ಸೋರುವುದಿಲ್ಲ. ಬ್ಯಾಟರಿ ದುರ್ಬಲವಾಗಿದ್ದರೂ ರೈಲ್ ಒತ್ತಡ ಕಡಿಮೆ ಎಂಬ ಕೋಡ್ ಬರಬಹುದು. ಆ ಕೋಡ್ ನೋಡಿ ಪಂಪ್ ಬದಲಿಸಿದವರನ್ನು ನಾನು ಬಲ್ಲೆ.

ಶ್ರೀನಿವಾಸಪುರದ ಕಡೆಯಿಂದ ಕೋಲಾರದ ಎಪಿಎಂಸಿಗೆ ಟೊಮೆಟೊ ತರುವ ಪರಿಚಯದ ರೈತರೊಬ್ಬರ ಗಾಡಿಯದು ಇದೇ ಕಥೆ. ಬೆಳಗಿನ ಜಾವ ಸಲೀಸಾಗಿ ಸ್ಟಾರ್ಟ್ ಆಗುವ ಪಿಕಪ್, ಮಂಡಿಯಲ್ಲಿ ಕ್ರೇಟ್ ಇಳಿಸಿ ಅರ್ಧ ಗಂಟೆ ನಿಲ್ಲಿಸಿದರೆ ಮತ್ತೆ ಹಿಡಿಯುತ್ತಿರಲಿಲ್ಲ. ‘ತಣ್ಣಗಿದ್ರೆ ಅರ್ಧ ಸೆಲ್ಫಿಗೇ ಎತ್ಕೊಳ್ತದಣ್ಣ, ಬಿಸಿ ಆದ್ಮೇಲೇ ರಗಳೆ’ ಎಂದರು. ಒಂದು ವರ್ಕ್‌ಶಾಪಿನಲ್ಲಿ ಸ್ಕ್ಯಾನರ್ ಪಿ0087 ಎಂದಿತು, ಅಂದರೆ ರೈಲಿನ ಒತ್ತಡ ಕಡಿಮೆ. ಹೈ ಪ್ರೆಷರ್ ಪಂಪ್ ಬದಲಾಯಿತು, ಒಂದು ಬೆಳೆಯ ಲಾಭದ ದೊಡ್ಡ ಪಾಲು ಅಲ್ಲಿಗೇ ಹೋಯಿತು. ತೊಂದರೆ ಹಾಗೆಯೇ ಉಳಿಯಿತು. ಇಂಜೆಕ್ಟರ್ ಪರೀಕ್ಷಿಸಿರಲಿಲ್ಲವೇ? ಪರೀಕ್ಷಿಸಿದ್ದರು, ಬೆಳಿಗ್ಗೆ, ಎಂಜಿನ್ ತಣ್ಣಗಿದ್ದಾಗ. ಬಿಸಿಯಾದ ಡೀಸೆಲ್ ತೆಳುವಾಗುತ್ತದೆ, ತಣ್ಣಗಿದ್ದಾಗ ತಡೆದುಕೊಂಡ ಸವೆತ ಬಿಸಿಯಲ್ಲಿ ಬಾಯಿ ಬಿಡುತ್ತದೆ. ಮಂಡಿಯಲ್ಲೇ, ಗಾಡಿ ಹಟ ಹಿಡಿದಾಗಲೇ, ಇಂಜೆಕ್ಟರುಗಳಿಂದ ಸೋರಿದ ಡೀಸೆಲ್ ವಾಪಸ್ ಒಯ್ಯುವ ನಾಲ್ಕು ರಿಟರ್ನ್ ಪೈಪುಗಳಿಗೆ ನಾಲ್ಕು ಬಾಟಲಿ ಕಟ್ಟಿ ಸೆಲ್ಫ್ ಹೊಡೆಸಿದೆವು. ಮೂರು ಬಾಟಲಿಗಳಲ್ಲಿ ತಳ ಮಾತ್ರ ಒದ್ದೆಯಾಗಿತ್ತು, ಮೂರನೇ ಸಿಲಿಂಡರಿನ ಬಾಟಲಿ ತುಂಬುತ್ತ ಬಂತು. ಒಂದು ಇಂಜೆಕ್ಟರ್ ಬದಲಿಸಿದ ಮೇಲೆ ಆ ಗಾಡಿ ಮಂಡಿಯಲ್ಲಿ ನಿಂತಿಲ್ಲ.

ಆ ಕೋಡ್ ಸುಳ್ಳು ಹೇಳಿರಲಿಲ್ಲ. ಒತ್ತಡ ಕಡಿಮೆ ಎಂದಿತು, ಒತ್ತಡ ಕಡಿಮೆಯೇ ಇತ್ತು. ಜ್ವರ ಎಂದರೆ ಯಾವ ರೋಗ ಎಂದು ಗೊತ್ತಾಗುವುದಿಲ್ಲ ಎಂಬುದು ನಮ್ಮ ಮನೆಯ ಅಜ್ಜಿಯರಿಗೂ ತಿಳಿದಿತ್ತು. ಕೋಡಿನ ವಿಷಯದಲ್ಲಿ ಆ ಎಚ್ಚರ ಏಕೆ ತಪ್ಪುತ್ತದೋ. ಅದೇ ಸ್ಕ್ಯಾನರಿನಲ್ಲಿ ಲೈವ್ ಡೇಟಾ ಎಂಬ ಪುಟವಿದೆ. ಸೆಲ್ಫ್ ಹೊಡೆಯುವಾಗ ಅಲ್ಲಿ ಎಂಜಿನ್ ವೇಗ ಸೊನ್ನೆ ಎಂದು ತೋರಿದರೆ, ಎದುರಿಗೆ ಎಂಜಿನ್ ತಿರುಗುತ್ತಿರುವುದು ಕಂಡರೂ ಇಸಿಯುಗೆ ಅದು ಗೊತ್ತಿಲ್ಲ: ಕ್ರ್ಯಾಂಕ್ ಸೆನ್ಸರನ್ನೋ ಅದರ ವೈರಿಂಗನ್ನೋ ಹಿಡಿಯಬೇಕು. ಬಿಸಿಯಲ್ಲಿ ಕೈಕೊಡುವ ಕ್ರ್ಯಾಂಕ್ ಸೆನ್ಸರಿನ ಲಕ್ಷಣ ಸೋರುವ ಇಂಜೆಕ್ಟರಿನ ಲಕ್ಷಣದಂತೆಯೇ ಇರುವುದರಿಂದ ಈ ಒಂದು ಅಂಕಿ ಬಹಳ ಮುಖ್ಯ. ವೇಗ 200 ದಾಟಿಯೂ ಒತ್ತಡ ನೂರರ ಆಸುಪಾಸಿನಲ್ಲೇ ತೆವಳುತ್ತಿದ್ದರೆ ಫಿಲ್ಟರ್, ಮೀಟರಿಂಗ್ ವಾಲ್ವ್, ಸೋರಿಕೆ, ಕೊನೆಗೆ ಪಂಪ್, ಈ ಅನುಕ್ರಮದಲ್ಲಿ ನೋಡಬೇಕು. ಬೆಲೆಯಲ್ಲಿ ದೊಡ್ಡದಾದ ಪಂಪ್ ಸರದಿಯಲ್ಲಿ ಮೊದಲು ಬರಬಾರದು.

ಹೊಗೆಯ ಮಾತು ಚಿಕ್ಕದು. ಸೆಲ್ಫ್ ಹೊಡೆದಾಗ ಸೈಲೆನ್ಸರಿನಿಂದ ಹಸಿ ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಏನೂ ಬರದಿದ್ದರೆ ಹೋಗುತ್ತಲೇ ಇಲ್ಲ. ಹೀಟರ್ ಪ್ಲಗ್ಗನ್ನು ಮೊದಲನೆಯ ಸಂದರ್ಭದಲ್ಲಿ, ಅದೂ ಚಳಿಯ ಬೆಳಗಿನಲ್ಲಿ ಅನುಮಾನಿಸಬಹುದು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನಿನ ಹೀಟರ್ ಪ್ಲಗ್ ಬದಲಿಸುವುದು ದುಡ್ಡು ದಂಡ.

ಹಳೆಯ ಅಭ್ಯಾಸಗಳಲ್ಲಿ ಎರಡನ್ನು ಮಾತ್ರ ನಾನು ಯಾವ ರಿಯಾಯಿತಿಯೂ ಇಲ್ಲದೆ ವಿರೋಧಿಸುತ್ತೇನೆ. ಡೀಸೆಲ್ ಬರುತ್ತಿದೆಯೇ ನೋಡಲು ನೋಝಲ್ ಪೈಪಿನ ನಟ್ ಸಡಿಲಿಸುವುದು ಒಂದು. ಕಾಮನ್ ರೈಲಿನಲ್ಲಿ ಸೆಲ್ಫ್ ಹೊಡೆಯುವಾಗಿನ ಒತ್ತಡವೇ ಚರ್ಮ ತೂರಲು ಸಾಕು. ಗಾಯ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಒಳಗೆ ಹೊಕ್ಕ ಡೀಸೆಲಿನಿಂದ ಬೆರಳೇ ಹೋಗಬಹುದು. ನೋವಿಲ್ಲದಿದ್ದರೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಗಾಯ ಅದು. ಇನ್ನೊಂದು, ಏರ್ ಫಿಲ್ಟರಿನ ಬಾಯಿಗೆ ಪೆಟ್ರೋಲ್ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು. ಹೀಟರ್ ಪ್ಲಗ್ ಕಾದಿದ್ದರೆ ಪಿಸ್ಟನ್ ಮೇಲೇರುವ ಮೊದಲೇ ಸ್ಫೋಟವಾಗಿ ರಿಂಗ್ ಮುರಿಯುತ್ತದೆ, ಸ್ಟಾರ್ಟ್ ಆಗದ ಎಂಜಿನ್ ರಿಪೇರಿಯೂ ಆಗದ ಎಂಜಿನ್ ಆಗುತ್ತದೆ.

ಹಳ್ಳಿಯ ಗ್ಯಾರೇಜಿನಲ್ಲಿ ಇಷ್ಟೆಲ್ಲ ಸಾಧನ ಎಲ್ಲಿದೆ ಎಂಬ ಆಕ್ಷೇಪ ಬರುತ್ತದೆ, ಅದರಲ್ಲಿ ಹುರುಳಿದೆ. ಲೋಡ್ ಹೊತ್ತು ನಿಂತ ಗಾಡಿಯ ಮುಂದೆ ಯಾರಿಗೂ ತಾಳ್ಮೆಯಿರುವುದಿಲ್ಲ. ಮೊಬೈಲಿಗೆ ಜೋಡಿಸುವ ಅಗ್ಗದ ಸ್ಕ್ಯಾನರುಗಳು ಎಲ್ಲ ಗಾಡಿಗಳಲ್ಲೂ ರೈಲ್ ಒತ್ತಡ ತೋರಿಸುವುದಿಲ್ಲ. ಆದರೆ ನಾನು ಹೇಳಿದ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಬೇಕಾದದ್ದು ಒಂದು ಮಲ್ಟಿಮೀಟರ್, ನಾಲ್ಕು ಬಾಟಲಿ, ಸೆಲ್ಫ್ ಕೊಡಲು ಇನ್ನೊಬ್ಬ ಮನುಷ್ಯ. ಗೊತ್ತಿಲ್ಲದೆ ಬದಲಿಸಿದ ಒಂದು ಪಂಪಿನ ಬೆಲೆಯಲ್ಲಿ ಇಡೀ ತಾಲ್ಲೂಕಿನ ಗ್ಯಾರೇಜುಗಳಿಗೆ ಮೀಟರ್ ಕೊಳ್ಳಬಹುದು.

ನನ್ನ ವಾದಕ್ಕೆ ಒಂದು ಗಟ್ಟಿ ಎದುರುಸಾಕ್ಷಿಯಿದೆ. ವೇಗ ಸರಿ, ಒತ್ತಡ ಸರಿ, ವೋಲ್ಟೇಜ್ ಸರಿ, ಬಿಳಿ ಹೊಗೆಯೂ ಬರುತ್ತಿದೆ, ಆದರೂ ಎಂಜಿನ್ ಹಿಡಿಯುವುದಿಲ್ಲ. ಸವೆದ ಎಂಜಿನ್ ಕೆಲವೊಮ್ಮೆ ಎಂದಿಗಿಂತ ವೇಗವಾಗಿಯೇ ತಿರುಗುತ್ತದೆ, ಏಕೆಂದರೆ ಸೆಲ್ಫಿಗೆ ಎದುರು ಒತ್ತುವ ಗಾಳಿ ಅಲ್ಲಿಲ್ಲ. ವೇಗದ ಅಂಕಿಯೊಂದನ್ನೇ ನೆಚ್ಚಿದವನಿಗೆ ಇಲ್ಲಿ ಮೋಸವಾಗುತ್ತದೆ. ಆಗ ಕೇಳಬೇಕಾದದ್ದು ಲಯವನ್ನು. ನಾಲ್ಕು ಸಿಲಿಂಡರೂ ಗಟ್ಟಿಯಿದ್ದರೆ ಸೆಲ್ಫಿನ ಏದುಸಿರು ನಾಲ್ಕು ಸಲವೂ ಒಂದೇ ಭಾರದಲ್ಲಿ ಬೀಳುತ್ತದೆ. ಒಂದು ಸಿಲಿಂಡರಿನಲ್ಲಿ ವಾಲ್ವೋ ರಿಂಗೋ ಕೆಟ್ಟಿದ್ದರೆ ಮೂರು ಭಾರದ ಹೊಡೆತ, ಒಂದು ಹಗುರ, ಮತ್ತೆ ಮೂರು ಭಾರ, ಒಂದು ಹಗುರ. ನಾಲ್ಕೂ ಹಗುರವಾಗಿದ್ದರೆ, ಎಲ್ಲೂ ತಡೆಯಿಲ್ಲದೆ ಉರ್ರೆಂದು ಒಂದೇ ಸಮನೆ ತಿರುಗಿದರೆ, ಕೈ ಹಾಕಬೇಕಾದದ್ದು ಟೈಮಿಂಗ್ ಕವರಿನ ಕಡೆಗೆ. ಅಲ್ಲಿಂದಾಚೆಗೆ ಕೀ ಮುಟ್ಟಬಾರದು.